ನಿಕಾಹ್‌ನಾಮೆಯ ಖಾಲಿ ಸಾಲು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ನಮ್ಮ ಭಾಗದಲ್ಲಿ ಯಾವ ಒಂದು ಜಾತಿಯ ಸೊತ್ತೂ ಅಲ್ಲ. ಸಾಯಗಾಂವದ ಚಹಾದಂಗಡಿಯ ಬೆಂಚಿನ ಮೇಲೆ ಕೂತವರೂ ಹೇಳುತ್ತಾರೆ, ಮಸೀದಿಯ ಮಗ್ಗುಲ ಓಣಿಯಲ್ಲಿ ನಮ್ಮ ಚಾಚಾಗಳೂ ಹೇಳುತ್ತಾರೆ. ಹೇಳುವಾಗ ತುಟಿಯ ಮೇಲೊಂದು ನಗೆ ಇರುತ್ತದೆ. ಎರಡು ಎಕರೆ ಹೊಲ ನಾಲ್ಕಾಗುತ್ತದೆ, ಹತ್ತನೆಯ ತರಗತಿಯಲ್ಲಿ ನಪಾಸಾದ ಹುಡುಗ ಕಾಲೇಜಿನ ಮೆಟ್ಟಿಲು ಹತ್ತಿಬಿಡುತ್ತಾನೆ, ಹುಡುಗಿಯ ವಯಸ್ಸಿನಲ್ಲಿ ಎರಡು ವರ್ಷ ಸದ್ದಿಲ್ಲದೆ ಇಳಿಯುತ್ತವೆ. ಇಂಥವನ್ನು ಸಂಸಾರ ಹೇಗೋ ಜೀರ್ಣಿಸಿಕೊಳ್ಳುತ್ತದೆ. ಆದರೆ ಪುಣೆಯಲ್ಲಿ ಇನ್ನೊಂದು ಮನೆ, ಆ ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು ಇರುವುದನ್ನು ಮುಚ್ಚಿಟ್ಟು ಮಾಡಿದ ಮದುವೆಯನ್ನೂ ಇದೇ ಗಾದೆಯ ಲೆಕ್ಕಕ್ಕೆ ಹಾಕಿ ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಾವಿರದೊಂದನೆಯ ಸುಳ್ಳು ಬೇರೆ ಜಾತಿಯದು.

ಇಸ್ಲಾಮಿನ ಪರಂಪರೆಯಲ್ಲಿ ಈ ಗಾದೆಗೆ ನೇರವಾಗಿ ಎದುರು ನಿಲ್ಲುವ ಒಂದು ಪ್ರಸಂಗವಿದೆ. ಫಾತಿಮಾ ಬಿಂತೆ ಖೈಸ್ ಎಂಬ ಹೆಣ್ಣುಮಗಳು ತಲಾಖ್ ಆಗಿ, ಇದ್ದತ್ ಮುಗಿಸಿಕೊಂಡು, ತನಗೆ ಎರಡು ಕಡೆಯಿಂದ ಸಂಬಂಧ ಬಂದಿದೆಯೆಂದು ಪ್ರವಾದಿಯವರ ಮುಂದೆ ಹೇಳುತ್ತಾಳೆ. ಒಬ್ಬಾತ ಮುಆವಿಯಾ, ಇನ್ನೊಬ್ಬಾತ ಅಬೂ ಜಹಮ್. ಪ್ರವಾದಿಯವರು ಸುತ್ತಿಬಳಸಿ ಮಾತಾಡಲಿಲ್ಲ. ಒಬ್ಬನ ಕೈಯಲ್ಲಿ ಕಾಸಿಲ್ಲ, ಇನ್ನೊಬ್ಬ ಹೆಗಲ ಮೇಲಿನ ಕೋಲು ಕೆಳಗಿಡುವವನಲ್ಲ ಎಂದು ಇಬ್ಬರ ಕುಂದನ್ನೂ ಬಿಚ್ಚಿ ಹೇಳಿ, ಉಸಾಮಾ ಎಂಬ ಮೂರನೆಯವನನ್ನು ಸೂಚಿಸಿದರು. ಪರನಿಂದೆ ಮಹಾಪಾಪವೆನ್ನುವ ಧರ್ಮದಲ್ಲಿ ಇದು ಹೇಗೆ ಸರಿಯಾಯಿತು? 13ನೆಯ ಶತಮಾನದ ಇಮಾಮ್ ನವವಿಯಂಥ ಪಂಡಿತರು ಇದಕ್ಕೆ ಉತ್ತರ ಕೊಟ್ಟಿದ್ದಾರೆ: ಸಂಬಂಧ ಕೇಳಿಕೊಂಡು ಬಂದವರಿಗೆ ಇದ್ದ ಕುಂದನ್ನು ಹೇಳುವುದು ನಿಂದೆಯಲ್ಲ, ಅದು ಹಿತವಚನ. ಅಂದರೆ ನಾಲಗೆ ಬಿಗಿಹಿಡಿಯಬೇಕಾದ ಕಡೆಗಳಲ್ಲೆಲ್ಲ ಮದುವೆ ಒಂದು ಹೊರತು. ನಮ್ಮಲ್ಲಿ ಆದದ್ದು ತಿರುವುಮುರುವು. ಉಳಿದೆಲ್ಲ ದಿನ ಕಟ್ಟೆಯ ಮೇಲೆ ಕೂತು ಊರವರ ಸಂಸಾರವನ್ನೆಲ್ಲ ಬಿಡಿಸುವವರು, ಹೆಣ್ಣಿನ ಕಡೆಯವರು ವಿಚಾರಿಸಲು ಬಂದಾಗ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. 'ಒಬ್ಬರ ಮನಿ ಮುರದ ಪಾಪ ನಮಗ್ಯಾಕ್ರೀ?'

ನಾನು ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಪಠ್ಯವನ್ನು ಹೇಗೆ ಓದಬೇಕು, ಕವಿ ಹೇಳಿದ್ದೇನು, ಹೇಳದೆ ಬಿಟ್ಟದ್ದೇನು ಎಂದು ಮಕ್ಕಳಿಗೆ ಹೇಳಿ ಹೇಳಿ ಅಭ್ಯಾಸವಾಗಿದೆ. ವಿಮರ್ಶೆ ಎಂಬುದು ಕವನ ಕಾದಂಬರಿಗಳಿಗೆ ಮಾತ್ರ ಸಲ್ಲುವುದೆಂದು ಯಾರು ಹೇಳಿದರು? ಒಂದು ಹೆಣ್ಣಿನ ಬದುಕಿನಲ್ಲಿ ಅತ್ಯಂತ ಹೆಚ್ಚು ಪರಿಣಾಮ ಬೀರುವ, ಆದರೆ ಅವಳು ಒಮ್ಮೆಯೂ ಓದದ ಬರಹ ಯಾವುದೆಂದರೆ ಅವಳ ನಿಕಾಹ್‌ನಾಮೆ. ಅದನ್ನೇ ಕೈಗೆತ್ತಿಕೊಂಡು ಓದೋಣ ಎನ್ನಿಸಿತು. ನಮ್ಮ ಮನೆತನದ್ದೇ ಮೂರು ತಲೆಮಾರಿನ ಕಾಗದಗಳು ನನ್ನ ಬಳಿ ಇವೆ.

ಮೊದಲನೆಯದು ನನ್ನ ಅಜ್ಜಿಯದು, ನಿಜಾಮನ ಕಾಲದ್ದು. ಖಾಜಿಯ ಈ ದಾಖಲೆಗೆ ಹೈದರಾಬಾದ್ ಸೀಮೆಯಲ್ಲಿ ಸಿಯಾಹಾ ಎನ್ನುವ ರೂಢಿ. ಉರ್ದುವಿನ ಮುದ್ದಾದ ಓರೆ ಅಕ್ಷರ, ಮೆಹರ್ ಇಷ್ಟು ಸಿಕ್ಕಾ ರೂಪಾಯಿ ಮತ್ತು ಎರಡು ದಿನಾರ್ ಸುರ್ಖ್ ಎಂದಿದೆ. ಆ ಕೆಂಪು ದಿನಾರನ್ನು ಅಜ್ಜಿ ಕಣ್ಣಿಂದ ನೋಡಿದ್ದಿಲ್ಲ, ಆ ಮಾತು ಬೇರೆ. ಎರಡನೆಯದು ನನ್ನದು, ಅಚ್ಚು ಹಾಕಿದ ನಮೂನೆ. ಮೂರನೆಯದು ನನ್ನ ಸೋದರಸೊಸೆಯದು, ಹೊಳೆಯುವ ಕಾಗದ, ಅಂಚಿಗೆ ಬಳ್ಳಿಯ ಚಿತ್ತಾರ, ನಡುವೆ ಅರಬಿ ದುಆ. ಚಿತ್ತಾರ ಹೆಚ್ಚಿದೆ, ಒಳಗಿನ ಮನೆಗಳು ಮಾತ್ರ ಇದ್ದಷ್ಟೇ ಇವೆ. ಹಿಜರಿ ತಾರೀಖು, ಇಸವಿ ತಾರೀಖು. ವರನ ಹೆಸರು, ತಂದೆಯ ಹೆಸರು, ವಯಸ್ಸು, ಊರು. ವಧುವಿನ ಹೆಸರು, ತಂದೆಯ ಹೆಸರು, ವಯಸ್ಸು; ಅದರ ಪಕ್ಕದಲ್ಲಿ ಬಾಕಿರಾ, ಬೇವಾ, ಮುತಲ್ಲಖಾ ಎಂಬ ಮೂರು ಮಾತು. ಕನ್ಯೆಯೋ, ವಿಧವೆಯೋ, ತಲಾಖ್ ಆದವಳೋ? ಒಂದನ್ನು ಉಳಿಸಿ ಎರಡನ್ನು ಹೊಡೆದುಹಾಕಬೇಕು. ಆಮೇಲೆ ಮೆಹರಿನ ಮೊತ್ತ, ಅದು ಮುಅಜ್ಜಲೋ ಮುವಜ್ಜಲೋ, ಅಂದರೆ ಕೈಮೇಲೆ ಕೊಡುವುದೋ ಮುಂದೆ ಕೊಡುವುದೋ. ವಕೀಲನ ಹೆಸರು, ಇಬ್ಬರು ಗವಾಹಿಗಳು, ಖಾಜಿಯ ರುಜು, ಮೊಹರು.

ಓದುಗರು ಗಮನಿಸಬೇಕು. ಹೆಣ್ಣಿಗೆ ಕೇಳಿದ ಪ್ರಶ್ನೆ ಗಂಡಿಗೆ ಇಲ್ಲ. ಅವಳು ಹಿಂದೆ ಯಾರ ಹೆಂಡತಿಯಾಗಿದ್ದಳೆಂಬುದು ಕಾಗದಕ್ಕೆ ಬೇಕು. ಅವನು ಈ ಹೊತ್ತು, ಈ ಶಾಮಿಯಾನದ ಕೆಳಗೆ ಸೆಹರಾ ಕಟ್ಟಿಕೊಂಡು ಕೂತಿರುವ ಹೊತ್ತಿನಲ್ಲಿ, ಇನ್ನೊಬ್ಬಳ ಗಂಡನೇ ಎಂಬುದು ಬೇಡ. ಮೂರು ತಲೆಮಾರಿನಲ್ಲಿ ರೂಪಾಯಿ ಬದಲಾಯಿತು, ಸರಕಾರ ಬದಲಾಯಿತು, ರಾಜ್ಯ ಬದಲಾಯಿತು, ಕಾಗದದ ಬಣ್ಣ ಬದಲಾಯಿತು. ಈ ಮೌನ ಒಂದು ಬದಲಾಗಲಿಲ್ಲ. ಕವಿತೆಯಲ್ಲಾಗಿದ್ದರೆ ಇಂಥ ಮೌನವನ್ನು ಅರ್ಥಗರ್ಭಿತ ಎಂದು ಕೊಂಡಾಡುತ್ತಿದ್ದೆ. ಕರಾರುಪತ್ರದಲ್ಲಿ ಮೌನವೆಂದರೆ ಯಾರದೋ ಅನುಕೂಲಕ್ಕೆ ತೆರೆದಿಟ್ಟ ಹಿತ್ತಲ ಬಾಗಿಲು.

ಪರದೆಯ ಈಚೆ ನಡೆಯುವುದನ್ನೂ ಹೇಳಬೇಕು. ಗಂಡಸರು ಬರೆಯುವ ಲೇಖನಗಳಲ್ಲಿ ಅದು ಬರುವುದಿಲ್ಲ. ವಕೀಲ ಮತ್ತು ಗವಾಹಿಗಳು ಹೆಂಗಸರ ಕೋಣೆಗೆ ಬರುತ್ತಾರೆ. ಇಂಥವರ ಮಗ ಇಂಥವನಿಗೆ, ಇಷ್ಟು ಮೆಹರಿಗೆ ನಿನ್ನ ನಿಕಾಹ್ ಮಾಡಿಕೊಡಲು ಒಪ್ಪಿಗೆಯೇ ಎಂದು ಕೇಳುತ್ತಾರೆ. ಹುಡುಗಿ ಅಳುತ್ತಿರುತ್ತಾಳೆ. ಖಾಲಾ ಒಬ್ಬಳು ಬೆನ್ನು ಸವರುತ್ತ 'ಹೂಂ ಅನ್ನವ್ವಾ' ಎನ್ನುತ್ತಾಳೆ. ಹೂಂ ಎಂದದ್ದು ಹುಡುಗಿಯೋ ಖಾಲಾನೋ ಒಮ್ಮೊಮ್ಮೆ ನನಗೇ ತಿಳಿದಿಲ್ಲ. ಸರಿ, ಅವಳೇ ಹೂಂ ಎಂದಳೆನ್ನೋಣ. ಯಾವುದಕ್ಕೆ ಹೂಂ ಎಂದಳು? ಅವಳ ಮುಂದಿಟ್ಟದ್ದು ಒಂದು ಹೆಸರು, ಅಪ್ಪನ ಹೆಸರು, ಒಂದು ಮೊತ್ತ. ತಿಳಿದು ಒಪ್ಪಿದರೆ ತಾನೆ ಒಪ್ಪಿಗೆ?

ಈಗ ಪುಣೆಯ ಮನೆಯ ಮಾತಿಗೆ ಬರುತ್ತೇನೆ. ನಮ್ಮದು ಗಡಿ ಸೀಮೆ. 1956ರ ತನಕ ಉದಗೀರ, ನಿಲಂಗಾ ನಮ್ಮದೇ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ರಾಜ್ಯ ವಿಂಗಡಣೆಯಲ್ಲಿ ಅವು ಆ ಕಡೆ ಹೋದವು, ಭಾಲ್ಕಿ ಈ ಕಡೆ ಉಳಿಯಿತು, ಜಹೀರಾಬಾದ ಇನ್ನೊಂದು ಕಡೆ ಸೇರಿತು. ಕಚೇರಿಗಳು ಒಡೆದವು, ಬೀಗತನ ಒಡೆಯಲಿಲ್ಲ. ಇವತ್ತಿಗೂ ಸಾಯಗಾಂವದ ಹುಡುಗಿ ಗಡಿಯಾಚೆಗೆ ಸೊಸೆಯಾಗಿ ಹೋಗುತ್ತಾಳೆ, ಆಚೆಯವರು ಈಚೆಗೆ ಬರುತ್ತಾರೆ. ಹಿಂದೆ ಇದರಲ್ಲಿ ಅಪಾಯವಿರಲಿಲ್ಲ, ಏಕೆಂದರೆ ಎಲ್ಲರೂ ಎಲ್ಲರಿಗೂ ಗೊತ್ತಿದ್ದರು. ಈಗ ಹುಡುಗನ ಮನೆ ಒಂದು ಜಿಲ್ಲೆಯಲ್ಲಿ, ದುಡಿಮೆ ಪುಣೆಯಲ್ಲೋ ಮುಂಬಯಿಯಲ್ಲೋ ಹೈದರಾಬಾದಿನಲ್ಲೋ. ಒಬ್ಬ ಖಾಜಿಯ ದಫ್ತರಿನಲ್ಲಿ ಇರುವುದು ಇನ್ನೊಬ್ಬ ಖಾಜಿಗೆ ಕಾಣುವುದಿಲ್ಲ.

ನಮ್ಮ ಬಳಗದ ಒಬ್ಬ ಹುಡುಗಿಗೆ ಹೀಗೆಯೇ ಆಚೆ ಕಡೆಯ ಸಂಬಂಧ ಬಂತು. ಹುಡುಗ ಪುಣೆಯಲ್ಲಿ ಗಾಡಿ ಓಡಿಸುವವನು, ನಮಾಜಿ, ಮಾತು ಮೃದು. ನಿಕಾಹ್ ಆದ ನಾಲ್ಕನೆಯ ತಿಂಗಳಿಗೆ ರೇಷನ್ ಕಾರ್ಡಿನಲ್ಲಿ ಅವಳ ಹೆಸರು ಸೇರಿಸುವ ಮಾತು ಬಂದಾಗ ಹಳೆಯ ಕಾರ್ಡು ಹೊರಬಿತ್ತು. ಅದರಲ್ಲಿ ಇನ್ನೊಬ್ಬಳ ಹೆಸರು, ಇಬ್ಬರು ಮಕ್ಕಳ ಹೆಸರು. ಹುಡುಗಿಯ ಅಣ್ಣಂದಿರು ಹೋಗಿ ಜಬರಿಸಿದಾಗ ಅವನು ಸಿಟ್ಟಾಗಲಿಲ್ಲ, ಅಳಲಿಲ್ಲ. 'ನೀವು ಕೇಳಿದ್ರೇನು?' ಎಂದ. ಖಾಜಿಯ ಬಳಿ ಹೋದರೆ, 'ಫಾರಮಿನ್ಯಾಗ ಆ ಸವಾಲೇ ಇಲ್ಲಲ್ಲ ಬಾಬಾ' ಎಂದರು. ಇಬ್ಬರದೂ ನಿಜವೇ. ಹುಡುಗಿ ಎರಡು ವರ್ಷ ತವರಿನಲ್ಲಿ ಕೂತಳು. ಅವನು ತಲಾಖ್ ಕೊಡಲಿಲ್ಲ, ಕೊಟ್ಟರೆ ಮೆಹರ್ ಕೊಡಬೇಕಲ್ಲ. ಕಡೆಗೆ ಅವಳೇ ಮೆಹರ್ ಬಿಟ್ಟುಕೊಟ್ಟು ಖುಲಾ ಪಡೆದಳು. ಮೋಸ ಮಾಡಿದವನ ಕಿಸೆಯಿಂದ ಒಂದು ಪೈಸೆ ಹೋಗಲಿಲ್ಲ, ಮೋಸಹೋದವಳು ದಂಡ ತೆತ್ತಳು.

ಇದು ಶರೀಅತ್ತೇ? ಇಮಾಮ್ ಮಾಲಿಕರ ಮುವತ್ತಾದಲ್ಲಿ ಖಲೀಫ ಉಮರರ ಒಂದು ತೀರ್ಪು ದಾಖಲಾಗಿದೆ. ಹೆಣ್ಣಿನ ಗಂಭೀರ ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಿಕೊಟ್ಟಿದ್ದರೆ ಅವಳ ಮೆಹರ್ ಅವಳಿಗೆ ಪೂರ್ತಿ ಸಲ್ಲಬೇಕು, ಆದರೆ ಆ ಹಣವನ್ನು ಗಂಡನಿಗೆ ತುಂಬಿಕೊಡಬೇಕಾದವನು ಮುಚ್ಚಿಟ್ಟು ಕೊಟ್ಟ ಪೋಷಕ. ಇಲ್ಲಿ ಮೋಸಹೋದವನು ಗಂಡಸು, ನಿಜ. ಆದರೂ ತೀರ್ಪಿನ ಒಳಗಿರುವ ನ್ಯಾಯ ಎರಡೂ ಕಡೆಗೆ ನಡೆಯುವಂಥದು: ನಷ್ಟ ಬೀಳಬೇಕಾದದ್ದು ಮೋಸ ಮಾಡಿದವನ ತಲೆಯ ಮೇಲೆ. ನಾಲ್ಕು ಮಝ್‌ಹಬ್‌ಗಳಲ್ಲಿ ಮಾಲಿಕಿ, ಹಂಬಲಿಗಳು ಈ ದಾರಿಯಲ್ಲಿ ದೂರ ನಡೆದರು. ನಮ್ಮ ಹನಫಿಗಳು ಮಾತ್ರ ಹೆಂಡತಿ ನಿಕಾಹನ್ನು ಬಿಡಿಸಿಕೊಳ್ಳುವ ಕಾರಣಗಳನ್ನು ಬಹಳ ಬಿಗಿ ಮಾಡಿಟ್ಟರು. ಅದರ ಫಲವಾಗಿ ಕಳೆದ ಶತಮಾನದ ಆರಂಭದಲ್ಲಿ ಪಂಜಾಬಿನ ಹೆಂಗಸರು ಕೆಟ್ಟ ಮದುವೆಯಿಂದ ಪಾರಾಗಲು ಧರ್ಮವನ್ನೇ ಬಿಡುವ ಸ್ಥಿತಿ ಬಂತು. ಆಗ ಎಚ್ಚೆತ್ತವರು ಸುಧಾರಕರಲ್ಲ, ದೇವಬಂದಿನ ಸಂಪ್ರದಾಯದ ಮೌಲಾನಾ ಅಶ್ರಫ್ ಅಲಿ ಥಾನವಿ. 1930ರ ದಶಕದ ಮೊದಲಲ್ಲಿ ಅವರು 'ಅಲ್ ಹೀಲತುನ್ನಾಜಿಝಾ' ಬರೆದು ಮಾಲಿಕಿ ಮತದಿಂದ ಎರವಲು ತರುವುದಕ್ಕೆ ಒಪ್ಪಿಗೆ ಕೊಟ್ಟರು. ಅದರಿಂದ ಹುಟ್ಟಿದ್ದು 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ. ಗಂಡ ನಾಲ್ಕು ವರ್ಷ ನಾಪತ್ತೆಯಾದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಹೀಗೆ ಕಾರಣಗಳ ಪಟ್ಟಿಯೇ ಅಲ್ಲಿದೆ. ವಂಚನೆ ಎಂಬ ಹೆಸರಿನ ಕಾರಣ ಮಾತ್ರ ಆ ಪಟ್ಟಿಯಲ್ಲಿಲ್ಲ. ಮುಸ್ಲಿಂ ಕಾನೂನು ಒಪ್ಪುವ ಬೇರಾವುದೇ ಕಾರಣ ಎಂಬ ಕೊನೆಯ ಸಾಲಿನಲ್ಲಿ ಅದನ್ನು ಹುಡುಕಬೇಕು. ಸಾಯಗಾಂವದಿಂದ ಬೀದರಿನ ಕೋರ್ಟಿಗೆ ಬಸ್ಸು ಹಿಡಿಯುವ ಹುಡುಗಿಗೆ ಆ ಕೊನೆಯ ಸಾಲು ಬಹಳ ದೂರ.

ದಂಡಸಂಹಿತೆಯ ಬಾಗಿಲೂ ಇಲ್ಲಿ ತೆರೆಯುವುದಿಲ್ಲ. ಮೊದಲ ಮದುವೆ ಮುಚ್ಚಿಟ್ಟು ಎರಡನೆಯದಾದವನಿಗೆ ಹೆಚ್ಚಿನ ಶಿಕ್ಷೆ ವಿಧಿಸುತ್ತಿದ್ದ ಹಳೆಯ 495ನೆಯ ಕಲಮು, 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ 82ನೆಯ ಕಲಮಿನೊಳಗೆ ಸೇರಿದೆ. ಎರಡನೆಯ ಮದುವೆಯೇ ಕಾನೂನಿಗೆ ವಿರುದ್ಧವಾಗಿದ್ದರೆ ಮಾತ್ರ ಅದು ತಗಲುತ್ತದೆ. ಮುಸ್ಲಿಂ ಗಂಡಸಿನ ಎರಡನೆಯ ನಿಕಾಹ್ ಊರ್ಜಿತವಾದ್ದರಿಂದ ಅವನ ಸುಳ್ಳು ಬರಿಯ ಸುಳ್ಳಾಗಿಯೇ ಉಳಿಯುತ್ತದೆ. ಈ ಸಂದನ್ನು ಮುಸ್ಲಿಮರಷ್ಟೇ ಬಳಸಿಕೊಂಡರೆಂದು ಭಾವಿಸಬಾರದು. 1995ರ ಸರಳಾ ಮುದ್ಗಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು, ಮನೆಯಲ್ಲಿ ಹೆಂಡತಿಯಿದ್ದ ಹಿಂದೂ ಗಂಡಸರು ಎರಡನೆಯ ಮದುವೆಗಾಗಿ ಕಲಮಾ ಓದಿಬಿಡುತ್ತಿದ್ದ ಕಥೆ. ಅಂಥ ಮದುವೆ ಊರ್ಜಿತವಲ್ಲವೆಂದು ಕೋರ್ಟು ಹೇಳಿತು. ಆ ನಿಕಾಹ್ ಓದಿಸಿದ ಖಾಜಿಯೂ ಕೇಳಿರಲಿಕ್ಕಿಲ್ಲ, ಮನೆಯಲ್ಲಿ ಯಾರಿದ್ದಾರಪ್ಪಾ ಎಂದು. ಹಿಂದೂವಾಗಲಿ ಮುಸಲ್ಮಾನನಾಗಲಿ, ಸುಳ್ಳುಗಾರನಿಗೆ ಬೇಕಾದದ್ದು ಕೇಳದ ಕಾಗದ.

ಕೇಳುವ ಕಾಗದ ಎಲ್ಲೂ ಇಲ್ಲವೆಂದಲ್ಲ. 17ನೆಯ ಶತಮಾನದ ಸೂರತ್ ಬಂದರಿನ ನಿಕಾಹ್‌ನಾಮೆಗಳು ಉಳಿದುಬಂದಿವೆ. ಇತಿಹಾಸಕಾರ್ತಿ ಶಿರೀನ್ ಮೂಸ್ವಿ ಅವನ್ನು ಅಧ್ಯಯನ ಮಾಡಿದ್ದಾರೆ. ಮೊಗಲರ ಕಾಲದ ಆ ಕಾಗದಗಳಲ್ಲಿ ಗಂಡ ಇನ್ನೊಬ್ಬಳನ್ನು ಮದುವೆಯಾಗತಕ್ಕದ್ದಲ್ಲ, ಹೆಂಡತಿಗೆ ಹೊಡೆಯತಕ್ಕದ್ದಲ್ಲ, ಜೀವನಾಂಶ ಕೊಡದೆ ದೀರ್ಘಕಾಲ ಬಿಟ್ಟುಹೋಗತಕ್ಕದ್ದಲ್ಲ, ದಾಸಿಯನ್ನು ಇಟ್ಟುಕೊಳ್ಳತಕ್ಕದ್ದಲ್ಲ ಎಂಬ ಶರತ್ತುಗಳು ಬರುತ್ತವೆ. ಸೂರತ್ತಿನ ಹೆಂಗಸರು ಯಾವ ಮಹಿಳಾ ಸಂಘಟನೆಯ ಸದಸ್ಯೆಯರೂ ಆಗಿರಲಿಲ್ಲ. ಹಡಗು ಹತ್ತಿ ಹೋಗುವ ಗಂಡಸರನ್ನು ಕಂಡಿದ್ದ ಬಂದರಿನ ಮನೆತನಗಳು ಮಗಳನ್ನು ಕೊಡುವ ಮೊದಲು ಬರೆಸಿಕೊಳ್ಳುತ್ತಿದ್ದವು, ಅಷ್ಟೇ. ಬಂಗಾಲದ ಕಾಬಿನ್‌ನಾಮೆಯಲ್ಲೂ ಈ ಪದ್ಧತಿ ಇತ್ತು. ಒಪ್ಪಿಗೆಯಿಲ್ಲದೆ ಎರಡನೆಯ ಮದುವೆಯಾದರೆ ಹೆಂಡತಿ ತನ್ನನ್ನು ತಾನೇ ಬಿಡಿಸಿಕೊಳ್ಳಬಹುದೆಂಬ ಕರಾರನ್ನು ಕಲ್ಕತ್ತಾ ಹೈಕೋರ್ಟ್ 1915ರಷ್ಟು ಹಿಂದೆಯೇ ಎತ್ತಿಹಿಡಿದಿದೆ. ಇದಕ್ಕೆ ತಫ್ವೀಜ್ ಎನ್ನುತ್ತಾರೆ. ಗಂಡ ತನ್ನ ತಲಾಖಿನ ಅಧಿಕಾರವನ್ನು ಶರತ್ತಿನ ಮೇಲೆ ಹೆಂಡತಿಗೆ ವಹಿಸಿಕೊಡುವುದು. ಹನಫಿ ಶಾಸ್ತ್ರದ ಒಳಗಿನ ಸೌಲಭ್ಯವಿದು, ಹೊರಗಿನಿಂದ ತಂದು ಹೊಲಿದ ತೇಪೆಯಲ್ಲ. ಥಾನವಿಯವರೂ ನಿಕಾಹಿನ ವೇಳೆ ಇದನ್ನು ಬರೆಸಿಕೊಳ್ಳುವ ದಾರಿ ತೋರಿಸಿದ್ದರು. ಒಡಲನ್ನು ಹಲಾಲು ಮಾಡುವ ಶರತ್ತುಗಳೇ ಎಲ್ಲಕ್ಕಿಂತ ಮೊದಲು ಈಡೇರಿಸಬೇಕಾದವು ಎಂಬ ಅರ್ಥದ ಹದೀಸು ಬುಖಾರಿಯಲ್ಲಿದೆ. ನಮ್ಮ ಖಾಜಿಗಳು ಅದನ್ನು ಮೆಹರಿಗೆ ಮಾತ್ರ ಅನ್ವಯಿಸಿ ಸುಮ್ಮನಾಗುತ್ತಾರೆ.

ಪಾಕಿಸ್ತಾನ 1961ರಲ್ಲಿ ತಂದ ಕೌಟುಂಬಿಕ ಕಾನೂನಿನ ಕೆಳಗೆ ಹೊರಡಿಸಿದ ನಿಕಾಹ್‌ನಾಮೆಯನ್ನು ಓದಿದರೆ ನನ್ನ ಕನ್ನಡ ಮೇಷ್ಟ್ರ ಕಣ್ಣಿಗೆ ಹಬ್ಬ. ವಿಶೇಷ ಶರತ್ತುಗಳಿಗೆ 17ನೆಯ ಕಾಲಂ, ತಲಾಖಿನ ಅಧಿಕಾರ ಹೆಂಡತಿಗೆ ವಹಿಸಿದ್ದಾನೆಯೇ ಎಂದು 18ನೆಯದು, ವರನಿಗೆ ಈಗಾಗಲೇ ಹೆಂಡತಿ ಇದ್ದಾಳೆಯೇ ಎಂದು 21ನೆಯದು. ಆದರೆ ಆ ಪ್ರಶ್ನೆಗಳ ಗತಿ? ಅಲ್ಲಿ ನಿಕಾಹ್ ಓದಿಸುವವರೇ 18ನೆಯ ಕಾಲಮ್ಮಿನ ಮೇಲೆ ಮೊದಲೇ ಓರೆಗೆರೆ ಎಳೆದು ಕೊಡುವುದು ದೊಡ್ಡ ದೂರಾಗಿದೆ. ಹೆಣ್ಣಿಗೆ ಕೇಳದೆಯೇ ಅವಳ ಹಕ್ಕನ್ನು ಶಾಯಿಯ ಒಂದು ಗೆರೆಯಿಂದ ತೆಗೆದುಹಾಕುವುದು. ಕಾಲಂ ಇದ್ದ ಮಾತ್ರಕ್ಕೆ ಆಗಲಿಲ್ಲ, ಅದನ್ನು ಹುಡುಗಿಗೆ ಓದಿಹೇಳುವ ಒಂದು ಬಾಯಿ ಬೇಕು. ಬಾಂಗ್ಲಾದೇಶದ ನಮೂನೆಯಲ್ಲೂ ನಮ್ಮ ಹಾಗೆ ವಧು ಕುಮಾರಿಯೇ, ವಿಧವೆಯೇ, ತಲಾಖ್ ಆದವಳೇ ಎಂಬ ಪ್ರಶ್ನೆಯಿತ್ತು. 2019ರಲ್ಲಿ ಅಲ್ಲಿನ ಹೈಕೋರ್ಟು ಕುಮಾರಿ ಎಂಬ ಮಾತನ್ನು ಕಿತ್ತುಹಾಕಿ ಅವಿವಾಹಿತೆ ಎಂದು ಬರೆಯಿರಿ ಎಂದಿತು. ವರನ ಬಗೆಗೂ ಅದೇ ಪ್ರಶ್ನೆ ಕೇಳಿ ಎಂದಿತು. ಒಂದು ನಮೂನೆಯ ಒಂದು ಪದವನ್ನು ಇಷ್ಟು ಶ್ರದ್ಧೆಯಿಂದ ಓದಿದ ವಿಮರ್ಶಕರು ನಮ್ಮ ನಡುವೆ ಕಡಿಮೆ.

ನಮ್ಮ ದೇಶದ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ 2005ರಲ್ಲಿ ಭೋಪಾಲದ ಸಭೆಯಲ್ಲಿ ಒಂದು ಮಾದರಿ ನಿಕಾಹ್‌ನಾಮೆಯನ್ನು ಒಪ್ಪಿತು. ವರ್ಷಗಟ್ಟಲೆ ಕಾದ ಹೆಂಗಸರಿಗೆ ಅದು ನಿರಾಸೆ ತಂದಿತು. ಉಪದೇಶ ಧಾರಾಳವಾಗಿತ್ತು. ಒಂದೇ ಉಸಿರಿನ ತಲಾಖನ್ನು ಮಾಡದಿರುವುದು ಒಳ್ಳೆಯದೆಂದಿತೇ ಹೊರತು ತಡೆಯಲಿಲ್ಲ. ಉಪದೇಶವೂ ಶರತ್ತೂ ಒಂದೇ ಅಲ್ಲ. ಉಪದೇಶ ಮುರಿದರೆ ದೇವರ ಮುಂದೆ ಉತ್ತರ, ಶರತ್ತು ಮುರಿದರೆ ಇಲ್ಲೇ ಉತ್ತರ. 2017ರ ಮೇ ತಿಂಗಳಲ್ಲಿ, ತ್ರಿವಳಿ ತಲಾಖಿನ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ಕೊನೆಯ ಹಂತಕ್ಕೆ ಬಂದಾಗ, ಅದೇ ಮಂಡಳಿ ಪ್ರಮಾಣಪತ್ರ ಸಲ್ಲಿಸಿ, ಒಂದೇ ಸಲಕ್ಕೆ ಮೂರು ತಲಾಖ್ ಹೇಳುವುದಿಲ್ಲವೆಂಬ ಶರತ್ತನ್ನು ನಿಕಾಹ್‌ನಾಮೆಯಲ್ಲಿ ಸೇರಿಸುವಂತೆ ಖಾಜಿಗಳಿಗೆ ಸಲಹೆ ಕೊಡುತ್ತೇವೆ ಎಂದಿತು. ನನಗೆ ಈ ವಾಕ್ಯ ಬಹಳ ಮುಖ್ಯವೆನಿಸುತ್ತದೆ. ನಿಕಾಹ್‌ನಾಮೆಯಲ್ಲಿ ಗಂಡನನ್ನು ಕಟ್ಟಿಹಾಕುವ ಸಾಲು ಬರೆಯಬಹುದು, ಅದು ಶರೀಅತ್ತಿಗೆ ವಿರುದ್ಧವಲ್ಲ ಎಂದು ಅವರೇ ಒಪ್ಪಿಕೊಂಡ ಹಾಗಾಯಿತು. ತಲಾಖಿನ ಬಗ್ಗೆ ಬರೆಯಬಹುದಾದರೆ ಮುಚ್ಚಿಟ್ಟ ಹೆಂಡತಿಯ ಬಗ್ಗೆ ಏಕೆ ಬರೆಯಬಾರದು? 1985ರ ಶಾಹ್ ಬಾನೂ ತೀರ್ಪಿನಿಂದ 2019ರ ಕಾಯ್ದೆಯವರೆಗೆ ಮೂವತ್ತು ವರ್ಷಕ್ಕೂ ಮಿಕ್ಕಿ ಈ ದೇಶ ಮುಸ್ಲಿಂ ಹೆಣ್ಣಿನ ಬಗ್ಗೆ ಜಗಳಾಡಿತು. ಆ ಜಗಳವೆಲ್ಲ ಅವಳು ಮನೆಯಿಂದ ಹೊರಬೀಳುವ ಬಾಗಿಲಿನ ಸುತ್ತ. ಒಳಬರುವ ಬಾಗಿಲಲ್ಲಿ ಯಾರು ನಿಂತಿದ್ದರು?

ಕನ್ನಡದ ಸಾಹಿತ್ಯವೂ ಹೆಚ್ಚಾಗಿ ಹೊರಬಾಗಿಲಲ್ಲೇ ನಿಂತಿದೆ. ಸಾರಾ ಅಬೂಬಕ್ಕರರ 'ಚಂದ್ರಗಿರಿಯ ತೀರದಲ್ಲಿ' ಓದಿ ನಾನು ನಿದ್ದೆಗೆಟ್ಟವಳು. ಅಪ್ಪನ ಹಟಕ್ಕೆ ಆದ ತಲಾಖು, ಮತ್ತೆ ಗಂಡನನ್ನು ಸೇರಲು ಇನ್ನೊಬ್ಬನನ್ನು ಮದುವೆಯಾಗಬೇಕೆಂಬ ಕಟ್ಟು, ಕೊನೆಗೆ ಮಸೀದಿಯ ಕೊಳ. ಕಾಸರಗೋಡಿನ ಆ ಹುಡುಗಿ ನಮ್ಮ ಓಣಿಯವಳೇ ಅನ್ನಿಸಿತ್ತು. ಆದರೂ ತಲಾಖಿನ ದುರಂತ ಬರೆಯುವ ನಮ್ಮ ಲೇಖಕರ ಕೈ ನಿಕಾಹಿನ ದಿನದ ಬಗ್ಗೆ ಬರೆಯುವಾಗ ಬೇಗ ಬೇಗ ಓಡುತ್ತದೆ. ಬಿರಿಯಾನಿಯ ಘಮ, ಮೆಹಂದಿಯ ಬಣ್ಣ, ಎರಡು ಪುಟ. ಕಾಗದವನ್ನು ಯಾರೂ ಬಿಚ್ಚುವುದಿಲ್ಲ. ಸಾಗರ್ ಸರ್ಹದಿಯವರ 1982ರ 'ಬಜಾರ್' ಸಿನಿಮಾ ಒಂದರ್ಥದಲ್ಲಿ ಒಳಬಾಗಿಲಿನ ಕಥೆ. ಕೊಲ್ಲಿಯ ಹಣ ತಂದ ವಯಸ್ಸಾದವನಿಗೆ ಹೈದರಾಬಾದಿನ ಬಡ ಹುಡುಗಿಯನ್ನು ಕಟ್ಟುವ ಕಥೆ. ಅಲ್ಲಿ ಹಾಡುಗಳು ಎಷ್ಟು ಇಂಪೆಂದರೆ ನೋಡುವವರು 'ಅಯ್ಯೋ ಪಾಪ' ಎಂದು ಕಣ್ಣೊರೆಸಿಕೊಂಡು ಎದ್ದುಬಿಡುತ್ತಾರೆ. ವ್ಯವಹಾರ ಹೇಗೆ ನಡೆಯುತ್ತದೆ ಎಂಬುದು ಇಂಪಿನಲ್ಲಿ ಕರಗಿಹೋಗುತ್ತದೆ.

ವ್ಯವಹಾರ ನಡೆಯುತ್ತಿದ್ದುದು ಮಾತ್ರ ಕಾಗದದ ಮೇಲೆಯೇ. 1991ರಲ್ಲಿ ಹೈದರಾಬಾದಿನಿಂದ ದೆಹಲಿಗೆ ಹೊರಟ ವಿಮಾನದಲ್ಲಿ ಅಳುತ್ತ ಕೂತಿದ್ದ ಪುಟ್ಟ ಹುಡುಗಿಯನ್ನು ಗಗನಸಖಿಯೊಬ್ಬರು ಮಾತಾಡಿಸಿದಾಗ, ಪಕ್ಕದಲ್ಲಿದ್ದ ಅರುವತ್ತರ ಸೌದಿ ಮುದುಕ ಅವಳ ಗಂಡನೆಂದು ತಿಳಿಯಿತು. ಅವನ ಬಳಿಯೂ ಕಾಗದವಿತ್ತು. 2017ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಪೊಲೀಸರು ಒಮಾನ್ ಮತ್ತು ಕತಾರಿನ ಶೇಖರ ಜೊತೆಗೆ ಖಾಜಿಗಳನ್ನೂ ಬಂಧಿಸಿದರು. ನಿಕಾಹಿನ ಹೊತ್ತಿಗೇ ತಲಾಖಿನ ಪತ್ರಕ್ಕೂ ರುಜು ಹಾಕಿಸಿಟ್ಟುಕೊಂಡು, ಶೇಖ್ ವಿಮಾನ ಹತ್ತಿದ ಮೇಲೆ ಹುಡುಗಿಯ ಕೈಗೆ ಕೊಡುತ್ತಿದ್ದರೆಂದು ಪತ್ರಿಕೆಗಳು ಬರೆದವು. ಇಲ್ಲಿ ನಾನು ನನ್ನ ವಾದವನ್ನೇ ಸ್ವಲ್ಪ ತಡೆದು ನೋಡಬೇಕಾಗುತ್ತದೆ. ಖಾಜಿಯೇ ಕೊಂಡುಕೊಳ್ಳಲು ಸಿಕ್ಕಿದರೆ ಎಂಥ ಸೊಗಸಾದ ನಮೂನೆಯೂ ಏನು ಮಾಡೀತು? ಹೌದು. ಅಂಥವನಿಗೆ ಬೇಡಿಯೇ ಸರಿ. ಆದರೆ ನಮ್ಮ ಊರುಗಳ ಖಾಜಿಗಳಲ್ಲಿ ಬಹುಪಾಲು ಮಾರಾಟಕ್ಕಿಲ್ಲ. ಅವರು ಬಡವರು, ಸಭ್ಯರು, ಮುಂದಿಟ್ಟ ನಮೂನೆಯಲ್ಲಿ ಇದ್ದದ್ದನ್ನು ತುಂಬುವವರು. ಅವರ ಕೈಗೆ ಒಂದು ಪ್ರಶ್ನೆ ಕೊಟ್ಟರೆ ಅದನ್ನು ಕೇಳುತ್ತಾರೆ.

ಸರಕಾರ ಇದೆಯಲ್ಲ, ನೋಂದಣಿ ಇದೆಯಲ್ಲ ಎನ್ನುವವರಿದ್ದಾರೆ. ಕರ್ನಾಟಕದಲ್ಲಿ 1976ರ ವಿವಾಹ ನೋಂದಣಿ ಕಾಯ್ದೆ ಇದೆ. 2006ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಧರ್ಮದವರ ಮದುವೆಯೂ ನೋಂದಣಿಯಾಗಬೇಕೆಂದಿತು. 2023ರ ಆಗಸ್ಟಿನಲ್ಲಿ ರಾಜ್ಯ ಸರಕಾರ ಮುಸ್ಲಿಮರ ಮದುವೆ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ವಕ್ಫ್ ಮಂಡಳಿಗೆ ವಹಿಸಿತು. 2024ರ ನವೆಂಬರಿನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಪ್ರಮಾಣಪತ್ರ ಯಾರು ಕೊಡಬೇಕೆಂಬ ಜಗಳದಲ್ಲಿ, ಅದರಲ್ಲಿ ಏನು ಬರೆದಿರಬೇಕೆಂದು ಕೇಳಿದವರನ್ನು ನಾನು ಕಾಣೆ. ಸುಳ್ಳಿನ ಮೇಲೆ ಸರಕಾರಿ ಮೊಹರು ಬಿದ್ದರೆ ಅದು ನಿಜವಾಗುವುದಿಲ್ಲ. ನೋಂದಣಿ ಬೇಡವೆಂದಲ್ಲ, ಖಂಡಿತ ಬೇಕು. ಆದರೆ ನೋಂದಣಿ ಮದುವೆಯಾದ ಮೇಲಿನ ಮಾತು, ನನಗೆ ಬೇಕಾದದ್ದು ಹೂಂ ಎನ್ನುವುದಕ್ಕಿಂತ ಒಂದು ಗಳಿಗೆ ಮುಂಚಿನದು.

ಹಿರಿಯರ ಆಕ್ಷೇಪ ಒಂದಿದೆ, ಅದನ್ನು ಹಗುರವಾಗಿ ತಳ್ಳಲಾರೆ. ಶರತ್ತು ಬರೆಸುವುದೆಂದರೆ ಹುಡುಗನ ಮೇಲೆ ಅನುಮಾನ ಪಟ್ಟ ಹಾಗೆ. ಶುಭಕಾರ್ಯದಲ್ಲಿ ಅಶುಭದ ಮಾತು. ನಮ್ಮ ದಖ್ಖನಿಯಲ್ಲಿ ಹೇಳುವ ಹಾಗೆ, ಶಾದೀ ಕೆ ಘರ್ ಮೇ ಐಸ್ಯಾ ಬಾತಾಂ ನಕ್ಕೋ. ಆದರೆ ಮೆಹರಿನಲ್ಲಿ ಮುಂದೆ ಕೊಡುವ ಪಾಲು ಎಂದು ಬರೆಯುವಾಗ ಆ ಮುಂದೆ ಎಂಬುದು ಯಾವಾಗ? ತಲಾಖ್ ಆದಾಗ ಇಲ್ಲವೇ ಗಂಡ ಸತ್ತಾಗ. ಮದುವೆಯ ಮನೆಯಲ್ಲಿ ಕೂತು ಸಾವನ್ನೂ ತಲಾಖನ್ನೂ ಲೆಕ್ಕ ಹಾಕಿ ರುಜು ಮಾಡುವ ನಮಗೆ, ಇನ್ನೊಬ್ಬ ಹೆಂಡತಿ ಇದ್ದಾಳೆಯೇ ಎಂಬ ಒಂದು ಪ್ರಶ್ನೆ ಮಾತ್ರ ಅಶುಭವೇ?

ಈಚೆಗೆ ನಮ್ಮ ಓಣಿಯಲ್ಲೇ ಒಂದು ನಿಕಾಹ್ ಆಯಿತು. ಹುಡುಗ ಗಡಿಯಾಚೆಯವನು. ಹುಡುಗಿಯ ತಾಯಿ ನನ್ನ ಹಳೆಯ ವಿದ್ಯಾರ್ಥಿನಿ, ಬೀಡಿ ಕಟ್ಟಿ ಮಗಳನ್ನು ಓದಿಸಿದವಳು. ಅವಳು ವಾರ ಮೊದಲೇ ಖಾಜಿಯವರ ಮನೆಗೆ ಹೋಗಿ ಕೂತು, ತನಗೆ ಬೇಕಾದದ್ದನ್ನು ಹೇಳಿದ್ದಳು. ಅವರು ಎರಡು ದಿನ ಕಿತಾಬು ನೋಡಿ, ಆಗಬಹುದು ಎಂದರು. ನಿಕಾಹಿನ ದಿನ ಹುಡುಗನ ಕಡೆಯವರಲ್ಲಿ ಗುಸುಗುಸು ಎದ್ದಿತು. 'ಆಪಾ, ನೀವರೆ ಹೇಳ್ರಿ, ನಮ್ಮ ಪೋರ ಅಂಥಾಂವೇನು?' ಎಂದು ಹುಡುಗನ ತಾಯಿ ನನ್ನ ಕೈ ಹಿಡಿದರು. 'ಅಂಥಾಂವ ಅಲ್ಲ ಅಂದ್ರ ಬರದ್ರ ಏನ ಹೋಗ್ತದ ಬಹನಾ?' ಎಂದೆ. ಒಳಗೆ ಹುಡುಗಿಗೆ ಸಾಲನ್ನು ಓದಿಹೇಳಿದರು. ವರನಿಗೆ ಈ ದಿನ ಬೇರೆ ಹೆಂಡತಿ ಇಲ್ಲ. ಇದು ಸುಳ್ಳೆಂದು ರುಜುವಾತಾದರೆ ಮೆಹರಿನ ಪೂರ್ತಿ ಮೊತ್ತ ಕೂಡಲೇ ಸಲ್ಲತಕ್ಕದ್ದು, ತಲಾಖ್ ತೆಗೆದುಕೊಳ್ಳುವ ಅಧಿಕಾರ ವಧುವಿನದಾಗತಕ್ಕದ್ದು. ನಮೂನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಖಾಜಿಯವರು ಕಾಗದವನ್ನು ತಿರುವಿ ಹಿಂಬದಿಯಲ್ಲಿ ಬರೆದು ಮೊಹರು ಒತ್ತಿದರು. ಹುಡುಗ ತಡವರಿಸದೆ ರುಜು ಹಾಕಿದ. ಊಟವಾದ ಮೇಲೆ ಅವನ ತಂದೆ ಖಾಜಿಯವರ ಬಳಿ ಬಂದು, ಆ ಹಿಂಬದಿಯದೂ ಒಂದು ಜೆರಾಕ್ಸ್ ಬೇಕೆಂದರು. ಅವರ ಕಿರಿಯ ಮಗಳಿಗೂ ಸಂಬಂಧ ನೋಡುತ್ತಿದ್ದರಂತೆ.